ಗೋಡೆಯೊಳಗಿನ ಲಾಡಿ

ನಮ್ಮ ಭಾವ ಸಂಶೋಧಕರಾದದ್ದು ಅವರ ನಲವತ್ತಾರನೆಯ ವಯಸ್ಸಿನಲ್ಲಿ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಅವರು ಬರೀ ವೈರಿಂಗ್ ಕೆಲಸದವರಾಗಿದ್ದರು. ಮನೆಗಳಿಗೆ, ಅಂಗಡಿಗಳಿಗೆ ಹೋಗಿ ಗೋಡೆಯೊಳಗೆ ತಂತಿ ಎಳೆದು, ಸ್ವಿಚ್ಚು ಕೂರಿಸಿ, ಬಲ್ಬು ಹತ್ತಿದ ಮೇಲೆ ಆ ಬೆಳಕನ್ನು ತಾವೇ ಹೆತ್ತವರಂತೆ ಒಂದು ಸಲ ನೋಡಿ ಮನೆಗೆ ಬರುತ್ತಿದ್ದರು. ಪೇಟೆಂಟ್ ಕಚೇರಿಯಿಂದ ಬಂಗಾರದ ಬಣ್ಣದ ಮುದ್ರೆಯಿದ್ದ ಕಾಗದ ಬಂದ ದಿನದಿಂದ ಅವರ ನಡಿಗೆಯೇ ಬೇರೆಯಾಯಿತು. ಕಾಗದಕ್ಕೆ ಕಟ್ಟು ಹಾಕಿಸಿದರು. ಹಜಾರದಲ್ಲಿ ತೂಗುಹಾಕಲು ಮೊಳೆ ಹೊಡೆದರು. ಆ ಮೊಳೆ ನೆಟ್ಟಗೆ ಹೋಗಿ, ಅವರೇ ಹಿಂದಿನ ವರ್ಷ ಎಳೆದಿದ್ದ ತಂತಿಗೆ ಚುಚ್ಚಿ, ಅರ್ಧ ಮನೆಯ ಫ್ಯಾನುಗಳು ನಿಂತವು. ‘ಟೊಳ್ಳುಗೋಡೆಯೊಳಗೆ ತಂತಿ ಸಾಗಿಸುವ ನೂತನ ವಿಧಾನ’ ಎಂಬ ಆ ಪ್ರಮಾಣಪತ್ರವನ್ನು ನಾವೆಲ್ಲ ಬೆವರು ಒರೆಸಿಕೊಳ್ಳುತ್ತಾ ಓದಿ ಹೆಮ್ಮೆಪಟ್ಟೆವು.

ಅಕ್ಕ ದರ್ಜಿ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ನಾನು ಅವಳ ತಂಗಿ. ಹಿಂದಿನ ಬೀದಿಯಲ್ಲಿ ನನ್ನ ಮನೆ. ಬೆಳಗ್ಗೆ ಹತ್ತಕ್ಕೆ ಬಂದು ಸಂಜೆಯವರೆಗೆ ಅವಳ ಜೊತೆ ಕೂತು ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು ನನ್ನ ಕೆಲಸ. ಹಾಗಾಗಿ ಭಾವನ ಮಹಾ ಸಂಶೋಧನೆ ನಡೆದ ದಿನ ನಾನು ಅಲ್ಲೇ ಇದ್ದೆ. ಅವರ ದುರದೃಷ್ಟಕ್ಕೆ, ಕಣ್ಣು ಬಿಟ್ಟುಕೊಂಡೇ ಇದ್ದೆ.

ಅವತ್ತು ಒಂದು ಸಂಗೀತ ಶಾಲೆಯವರ ಪರದೆ ಹೊಲಿಗೆಗೆ ಬಂದಿತ್ತು. ಮಖಮಲ್ಲಿನ ಬಟ್ಟೆ, ಅದರ ಹಿಂದೆ ಕಂಬಳಿಯಷ್ಟು ದಪ್ಪದ ಅಸ್ತರಿ. ಮೇಲಂಚಿನ ಮಡಿಕೆಯೊಳಗೆ ಹಗ್ಗ ಪೋಣಿಸಬೇಕಿತ್ತು. ಪೈಜಾಮಕ್ಕೆ ಲಾಡಿ ಹಾಕುವ ರೀತಿ ಎಲ್ಲರಿಗೂ ಗೊತ್ತು. ಲಾಡಿಯ ತುದಿಗೆ ಪಿನ್ನು ಸಿಕ್ಕಿಸಿ, ಮಡಿಕೆಯೊಳಗೆ ತೂರಿಸಿ, ಹೊರಗಿನಿಂದ ಬೆರಳಲ್ಲಿ ಪಿನ್ನನ್ನು ಹುಡುಕಿ ಹುಡುಕಿ ಮುಂದಕ್ಕೆ ತಳ್ಳಬೇಕು. ಈ ಪರದೆಯ ದಪ್ಪದಲ್ಲಿ ಪಿನ್ನು ಬೆರಳಿಗೆ ಸಿಗಲೇ ಇಲ್ಲ. ಭಾವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಟೀ ಕುಡಿಯುತ್ತಾ, ಆ ದಿನದ ಗೋಡೆಗೆ ಶಾಪ ಹಾಕುತ್ತಿದ್ದರು.

“ತಂತಿ ಎಳೆಯೋ ಉಕ್ಕಿನ ಪಟ್ಟಿ ಗೋಡೆ ಒಳಗೆ ಹೋಯ್ತು, ಹೋಯ್ತು, ಎಲ್ಲಿಗೆ ಹೋಯ್ತೋ ಅದಕ್ಕೇ ಗೊತ್ತು. ಹುಡುಕೋಕೆ ಮೂರು ಕಡೆ ತೂತು ಕೊರೆದೆ. ಮನೆಯಾಕೆ ನನ್ನ ಮುಖಾನೇ ನೋಡ್ತಾ ನಿಂತಿದ್ರು, ತೂತು ಅಲ್ಲಿ ಇದೆಯೇನೋ ಅನ್ನೋ ಹಾಗೆ.”

ನೆಲಕ್ಕೆ ಬಿದ್ದ ಗುಂಡುಸೂಜಿ ಎತ್ತಲು ಅಕ್ಕನ ಬಳಿ ಒಂದು ಆಯಸ್ಕಾಂತವಿತ್ತು, ಯಾವುದೋ ಹಾಳಾದ ಸ್ಪೀಕರಿನಿಂದ ಬಿಚ್ಚಿದ್ದು. ಅದನ್ನು ಪರದೆಯ ಮೇಲಿಟ್ಟಳು. ಒಳಗೆಲ್ಲೋ ಟಕ್ ಎಂದಿತು. ಇಸ್ತ್ರಿಪೆಟ್ಟಿಗೆ ಸರಿಸುವ ಹಾಗೆ ಮೆಲ್ಲಗೆ ಅದನ್ನು ಸರಿಸುತ್ತಾ ಹೋದಳು. ಒಳಗಿನ ಪಿನ್ನು ಹಗ್ಗವನ್ನು ಎಳೆದುಕೊಂಡು ಹಿಂದೆಯೇ ಬಂತು. ಆ ಕೊನೆಯಲ್ಲಿ ಪಿನ್ನು ಹೊರಗೆ ಇಣುಕಿದಾಗ ಅಕ್ಕ ಭಾವನ ಕಡೆ ತಿರುಗಿದಳು.

“ನಿಮ್ಮ ಗೋಡೇನೂ ಒಂದು ದಪ್ಪ ಬಟ್ಟೆ ಅಂದ್ಕೊಳ್ಳಿ. ಹೀಗೇ ಮಾಡಿ.”

“ಗೋಡೆ ಬಟ್ಟೆ ಅಲ್ಲ ಕಣೇ,” ಎಂದರು ಭಾವ, ಮಗುವಿಗೆ ತಿಳಿಹೇಳುವ ದನಿಯಲ್ಲಿ. “ಅದು ಟೆಕ್ನಿಕಲ್ ವಿಷಯ. ನಿನಗೆ ಅರ್ಥ ಆಗಲ್ಲ ಬಿಡು.”

ಅಕ್ಕ ಬಿಟ್ಟಳು. ಆದರೆ ಅವಳ ಮಾತು ಭಾವನ ತಲೆಯೊಳಗೆ ಹೊಕ್ಕು ಇಪ್ಪತ್ತು ದಿನ ಎಲ್ಲೆಲ್ಲೋ ಸುತ್ತಾಡಿ ಹೊರಗೆ ಬಂದಾಗ, ಅದರ ಮೇಲೆ ಅವಳ ಹೆಸರು ಅಳಿಸಿಹೋಗಿತ್ತು. ಒಂದು ಬೆಳಗ್ಗೆ ತಲೆಯಲ್ಲಿ ಸೋಪಿನ ನೊರೆ ಇರುವಾಗಲೇ ಬಚ್ಚಲಿನಿಂದ ಕೂಗು ಬಂತು. “ಹೊಳೀತು! ನನಗೆ ಹೊಳೀತು!” ಗೋಡೆಯೊಳಗೆ ದಾರಕ್ಕೆ ಕಟ್ಟಿದ ಕಬ್ಬಿಣದ ಗುಂಡು ಬಿಡುವುದು, ಹೊರಗಿನಿಂದ ಆಯಸ್ಕಾಂತದಲ್ಲಿ ಅದನ್ನು ಬೇಕಾದ ತೂತಿನವರೆಗೆ ನಡೆಸಿಕೊಂಡು ಹೋಗುವುದು, ಆಮೇಲೆ ದಾರಕ್ಕೆ ತಂತಿ ಕಟ್ಟಿ ಎಳೆಯುವುದು. ಅಕ್ಕ ನನ್ನ ಮುಖ ನೋಡಿದಳು, ನಾನು ಅಕ್ಕನ ಮುಖ ನೋಡಿದೆ. ಆಯಸ್ಕಾಂತ ಬಣ್ಣಕ್ಕೆ ಗೀರು ಹಾಕುತ್ತದೆಂದು ಭಾವ ಪೇಚಾಡಿದಾಗ, ಅದಕ್ಕೊಂದು ಫ್ಲಾನೆಲ್ ಬಟ್ಟೆಯ ಗವಸು ಹೊಲಿದುಕೊಟ್ಟವಳೂ ಅವಳೇ. ಆ ಗವಸು ಪೇಟೆಂಟಿನಲ್ಲಿ ‘ಮೃದು ಸಂಪರ್ಕ ಹೊದಿಕೆ’ ಎಂಬ ಪದವಿಗೇರಿತು.

ಪೇಟೆಂಟ್ ಮಾಡಿಸಿದ್ದು ಒಬ್ಬ ವಕೀಲರು. ತಮ್ಮ ಓದುವ ಕೋಣೆಯಲ್ಲಿ ಭಾವ ತಂತಿ ಎಳೆಯುವುದನ್ನು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿ, “ಇದನ್ನ ಯಾರಿಗಾದರೂ ತೋರಿಸಿದೀರಾ?” ಎಂದು ಪಿಸುಗುಟ್ಟಿದ್ದರಂತೆ. ಇಪ್ಪತ್ತು ವರ್ಷದಲ್ಲಿ ಯಾರೂ ಭಾವನ ಕೆಲಸದ ಬಗ್ಗೆ ಪಿಸುಗುಟ್ಟಿರಲಿಲ್ಲ. ಬಯ್ಯುವವರೆಲ್ಲ ಜೋರಾಗಿಯೇ ಬಯ್ದಿದ್ದರು. ಭಾವ ಆ ಪಿಸುಮಾತಿಗೆ ಮರುಳಾದರು. ಬೀದಿಯವರು ಅವರಿಗೆ ‘ವಿಜ್ಞಾನಿ’ ಎಂದು ಹೆಸರಿಟ್ಟರು. ಅದು ಗೇಲಿಯೆಂದು ಅವರಿಗೊಬ್ಬರಿಗೇ ಗೊತ್ತಾಗಲಿಲ್ಲ.

ಎರಡು ವರ್ಷದ ಮೇಲೆ ವೈರಿಂಗ್ ಸಲಕರಣೆ ಮಾಡುವ ಒಂದು ದೊಡ್ಡ ಕಂಪನಿ ಇದೇ ಉಪಕರಣವನ್ನು ಕೆಂಪು ಪ್ಲಾಸ್ಟಿಕ್ ಹಿಡಿ ಹಾಕಿ ಮಾರುಕಟ್ಟೆಗೆ ಬಿಟ್ಟಿತು. ನಮ್ಮ ವಕೀಲರು ನೋಟಿಸು ಕಳಿಸಿದರು. ಕಂಪನಿ ಕ್ಷಮೆ ಕೇಳುತ್ತದೆಂದು ಭಾವ ಹೊಸ ಅಂಗಿ ಹೊಲಿಸಿಕೊಂಡು ಕಾದರು. ಕಂಪನಿ ಪೇಟೆಂಟ್ ಕಚೇರಿಗೆ ಆಕ್ಷೇಪಣೆ ಸಲ್ಲಿಸಿತು: ಈ ವಿಧಾನದಲ್ಲಿ ಸಂಶೋಧನೆಯೇ ಇಲ್ಲ, ಇದು ಯಾರಿಗಾದರೂ ಎದ್ದು ಕಾಣುವ ಸಂಗತಿ, ಪೇಟೆಂಟ್ ರದ್ದುಮಾಡಿ.

“ಎದ್ದು ಕಾಣತ್ತಂತೆ!” ಭಾವ ಅನ್ನದ ತಟ್ಟೆಯ ಮುಂದೆ ಕೂತು ಹಲ್ಲು ಕಡಿದರು. “ಇಪ್ಪತ್ತು ವರ್ಷ ನನಗೇ ಕಾಣಲಿಲ್ಲ, ಅವರಿಗೆ ಎದ್ದು ಕಾಣತ್ತಾ?”

ವಿಚಾರಣೆ ನಡೆದದ್ದು ಪೇಟೆಂಟ್ ಕಚೇರಿಯ ನಾಲ್ಕನೆಯ ಮಹಡಿಯಲ್ಲಿ. ದೇಶದ ಬುದ್ಧಿವಂತಿಕೆಯನ್ನೆಲ್ಲ ಅಳೆದು ತೂಗುವ ಆ ಕೋಣೆಯಲ್ಲಿ ಮೈಕಿನ ತಂತಿಗಳು ನೆಲದ ಮೇಲೆಯೇ ಹರಡಿಕೊಂಡಿದ್ದವು. ಅವುಗಳ ಮೇಲೆ ಕಂದು ಬಣ್ಣದ ಟೇಪು ಅಂಟಿಸಿದ್ದರು. ಒಳಗೆ ಬಂದವರೆಲ್ಲ ಒಂದೊಂದು ಸಲ ಎಡವಿ, ನೆಲಕ್ಕೆ ನಮಸ್ಕಾರ ಮಾಡುವಂತೆ ಬಗ್ಗಿ, ಆಮೇಲೆ ಕೂರುತ್ತಿದ್ದರು. ಎತ್ತರದ ಮೇಜಿನ ಹಿಂದೆ ವಿಚಾರಣಾಧಿಕಾರಿ. ಶೀತವಾಗಿದ್ದ ಮನುಷ್ಯ, ಕರವಸ್ತ್ರ ಮೂಗಿನಿಂದ ಇಳಿಸದೆ ಎರಡೂ ಕಡೆಯ ವಾದ ಕೇಳಿದರು.

ಕಂಪನಿಯ ವಕೀಲರು ಹಳೆಯ ಹೊಲಿಗೆ ಕೈಪಿಡಿಯೊಂದನ್ನು ತೆಗೆದು, ಪಿನ್ನಿನಿಂದ ಲಾಡಿ ಪೋಣಿಸುವ ಚಿತ್ರ ತೋರಿಸಿದರು. ಆಮೇಲೆ ಒಂದು ಮಕ್ಕಳ ಆಟಿಕೆ: ರಟ್ಟಿನ ಮೇಲೆ ತಗಡಿನ ಗೊಂಬೆ, ರಟ್ಟಿನ ಕೆಳಗೆ ಆಯಸ್ಕಾಂತ ಆಡಿಸಿದರೆ ಗೊಂಬೆ ಕುಣಿಯುತ್ತದೆ. ಒಂದು ನಿಮಿಷ ಅದನ್ನು ಕುಣಿಸಿಯೂ ಬಿಟ್ಟರು. “ಇದನ್ನೂ ಅದನ್ನೂ ಕೂಡಿಸಿದರೆ ಮುಗಿಯಿತು, ಸ್ವಾಮಿ. ಈ ಕಸುಬಿನ ಸಾಧಾರಣ ಪರಿಣತನಿಗೆ ಇದು ಎದ್ದು ಕಾಣುತ್ತದೆ.”

ಯಾರೀ ಸಾಧಾರಣ ಪರಿಣತ ಎಂದು ನಾನು ನಮ್ಮ ವಕೀಲರ ಸಹಾಯಕಿಯನ್ನು ಮೆಲ್ಲಗೆ ಕೇಳಿದೆ. ಆಕೆ ವಿವರಿಸಿದಳು. ಅವನು ಕಾನೂನಿನ ಪುಸ್ತಕದಲ್ಲಿ ಮಾತ್ರ ಇರುವ ಮನುಷ್ಯ. ತನ್ನ ಕಸುಬಿನ ಬಗ್ಗೆ ಎಲ್ಲ ಭಾಷೆಯಲ್ಲಿ ಬಂದ ಎಲ್ಲವನ್ನೂ ಓದಿದ್ದಾನೆ, ಏನನ್ನೂ ಮರೆಯುವುದಿಲ್ಲ, ಆದರೆ ಸ್ವಂತವಾಗಿ ಒಂದೇ ಒಂದು ಹೊಸ ಯೋಚನೆ ಮಾಡಲಾರ.

“ಅರ್ಧ ಸರಿ,” ಎಂದಳು ಪಕ್ಕದಲ್ಲಿದ್ದ ಅಕ್ಕ. “ನಮ್ಮನೇಲಿರೋರು ಓದಲ್ಲ.”

ಕಂಪನಿಯ ಕಡೆಯಿಂದ ಒಬ್ಬ ಹಿರಿಯ ಎಂಜಿನಿಯರು ಸಾಕ್ಷಿ ಹೇಳಿದರು. ಇಂಥ ವಿಧಾನ ತಮ್ಮನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದ್ದರೂ ಹೊಳೆಯುತ್ತಿತ್ತು ಎಂದರು.

“ನಿಮ್ಮ ಕಂಪನಿ ಎಷ್ಟು ವರ್ಷದಿಂದ ಗೋಡೆಗೆ ತೂರಿಸೋ ಉಕ್ಕಿನ ಪಟ್ಟಿ ಮಾಡ್ತಿದೆ?” ನಮ್ಮ ವಕೀಲರು ಕೇಳಿದರು.

“ನಲವತ್ತು ವರ್ಷದಿಂದ.”

“ಈ ನಲವತ್ತು ವರ್ಷದಲ್ಲಿ ನಿಮಗೆ ಯಾಕೆ ಹೊಳೀಲಿಲ್ಲ?”

ಎಂಜಿನಿಯರು ಟೈ ಸಡಿಲಿಸಿಕೊಂಡು, “ಯಾರೂ ಎಬ್ಬಿಸಿ ಕೇಳಲಿಲ್ಲ,” ಎಂದರು.

ಭಾವನ ಎದೆ ಉಬ್ಬಿತು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ನಿಲ್ಲಿಸುವುದು ಯಾವ ಕಾನೂನು ಕಾಲೇಜಿನಲ್ಲೂ ಕಲಿಸುವ ಪಾಠವಲ್ಲ. ನಮ್ಮ ವಕೀಲರು ಎದ್ದು ನಿಂತು ಹೊಲಿಗೆ ಕೈಪಿಡಿಯನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಹಿಡಿಯುವ ಹಾಗೆ ಎತ್ತಿ ಹಿಡಿದರು.

“ಸ್ವಾಮಿ, ವಿದ್ಯುತ್ ತಂತಿಯ ಕೆಲಸ ಉನ್ನತ ತಾಂತ್ರಿಕ ವಿದ್ಯೆ. ಪೈಜಾಮಕ್ಕೆ ಲಾಡಿ ಹಾಕುವುದು, ಗುಂಡಿ ಹಚ್ಚುವುದು, ಇವು ತಲೆಯೇ ಬೇಕಿಲ್ಲದ ಮನೆಗೆಲಸ. ಒಬ್ಬ ತಂತ್ರಜ್ಞ ತನ್ನ ಸಮಸ್ಯೆಗೆ ಪರಿಹಾರ ಹುಡುಕುತ್ತಾ ಅಂಥ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ.”

ಗುಂಡಿ ಹಚ್ಚುವವಳು ನಾನು. ನನಗೇ ಕೆನ್ನೆ ಬಿಸಿಯಾಯಿತು. ಅಕ್ಕನ ಕಡೆ ನೋಡಿದೆ. ಅವಳು ಕೈಚೀಲದ ಹಿಡಿಯನ್ನು ಬಿಗಿಯಾಗಿ ಸುತ್ತುತ್ತಿದ್ದಳು, ನೂಲು ಸಿಕ್ಕಾದಾಗ ಸುತ್ತುವ ಹಾಗೆ. ಭಾವ ಮಾತ್ರ ತಲೆಯಾಡಿಸುತ್ತಿದ್ದರು: ನಿಜ, ನಿಜ, ಉನ್ನತ ವಿದ್ಯೆ. ಹಾಕಿಕೊಂಡಿದ್ದ ಅಂಗಿ ಅಕ್ಕ ಹೊಲಿದದ್ದು.

ಆಗ ಕಂಪನಿಯ ವಕೀಲರು ನಕ್ಕರು. ಎಲ್ಲಿಂದಲೋ ಸುದ್ದಿ ಹೆಕ್ಕಿ ತಂದಿದ್ದರು. “ಕಣ್ಣೆತ್ತಿ ನೋಡುವುದಿಲ್ಲವೇ? ಸ್ವಾಮಿ, ಈ ಸಂಶೋಧಕರ ಹೆಂಡತಿಯೇ ದರ್ಜಿ. ಅವರೂ ಇಲ್ಲೇ ಇದ್ದಾರೆ. ಅವರನ್ನು ವಿಚಾರಿಸಲು ಅಪ್ಪಣೆ ಬೇಕು.”

ಅಧಿಕಾರಿ ಕರವಸ್ತ್ರದ ಹಿಂದಿನಿಂದ ಹೂಂ ಎಂದರು. ಅಕ್ಕ ಎದ್ದಳು. ಟೇಪು ಅಂಟಿಸಿದ ತಂತಿಗಳನ್ನು ನೋಡಿಕೊಂಡು, ಎಡವದೆ ದಾಟಿದಳು. ಆ ಕೋಣೆಯಲ್ಲಿ ಅವತ್ತು ಎಡವದವಳು ಅವಳೊಬ್ಬಳೇ.

“ಅಮ್ಮಾ,” ಕಂಪನಿಯ ವಕೀಲರ ದನಿಯಲ್ಲಿ ಜೇನು ಸುರಿಯಿತು. “ಹೊಲಿಗೆ ಎಷ್ಟು ಪುರಾತನ, ಎಷ್ಟು ಶ್ರೇಷ್ಠ ಕಲೆ! ನಿಮ್ಮ ಯಜಮಾನರು ನೀವು ಲಾಡಿ ಪೋಣಿಸೋದನ್ನ ನೋಡಿದಾರಾ?”

“ಮದುವೆ ಆದಾಗಿನಿಂದ ನೋಡ್ತಿದಾರೆ. ಇಪ್ಪತ್ತು ವರ್ಷ ಆಯ್ತು.”

“ದಿನಾ?”

“ದಿನಾ. ಸಂಜೆ ಬಾಗಿಲಲ್ಲಿ ಕೂತು ಟೀ ಕುಡೀತಾ.”

“ಅಷ್ಟೇ ಸ್ವಾಮಿ,” ಎಂದು ಅವರು ಗೆದ್ದವರಂತೆ ಕೂತರು. ದಿನವೂ ಕಣ್ಣೆದುರಿಗೇ ಇದ್ದದ್ದು ಎದ್ದು ಕಾಣದೆ ಇರುತ್ತದೆಯೇ?

ನಮ್ಮ ವಕೀಲರು ಜಿಗಿದೆದ್ದರು. ಮಾತು ತಿರುಗಿಸುವ ದಾರಿ ಅವರಿಗೆ ಕಂಡಿತ್ತು. “ಅಮ್ಮಾ, ಇಪ್ಪತ್ತು ವರ್ಷ ದಿನಾ ನೋಡಿದಾರೆ ಅಂದ್ರಿ. ಆ ಇಪ್ಪತ್ತು ವರ್ಷದಲ್ಲಿ ಒಂದು ದಿನವಾದರೂ, ‘ಓಹೋ, ಇದನ್ನ ಗೋಡೇಲೂ ಮಾಡಬಹುದಲ್ಲ’ ಅಂದಿದಾರಾ?”

“ಇಲ್ಲ.”

“ಒಂದು ಸಲಾನೂ ಇಲ್ಲ?”

“ಒಂದು ಸಲಾನೂ ಇಲ್ಲ. ಟೀಗೆ ಸಕ್ಕರೆ ಕಮ್ಮಿ ಅಂದಿದಾರೆ.”

ಯಾರೋ ನಕ್ಕರು. ನಮ್ಮ ವಕೀಲರು ಕೈ ಎತ್ತಿ ಸಾರಿದರು: ಇಪ್ಪತ್ತು ವರ್ಷ ಕಣ್ಣೆದುರು ಇದ್ದರೂ ಕಾಣದ್ದು ಎದ್ದು ಕಾಣುವ ಸಂಗತಿ ಹೇಗಾದೀತು? ನಮ್ಮ ಕಕ್ಷಿದಾರರ ಮಂದಬುದ್ಧಿಯೇ ಈ ಸಂಶೋಧನೆಯ ಹಿರಿಮೆಗೆ ಸಾಕ್ಷಿ. ಮಂದಬುದ್ಧಿ ಎಂಬ ಪದ ಅವರು ನಿಜಕ್ಕೂ ಬಳಸಲಿಲ್ಲ. ಆದರೆ ಬಳಸಿದ ಎಲ್ಲ ಪದಗಳ ಮೊತ್ತ ಅದೇ ಆಗಿತ್ತು. ತಾವು ಗೆಲ್ಲುತ್ತಿರುವುದೋ ಬಯ್ಸಿಕೊಳ್ಳುತ್ತಿರುವುದೋ ತಿಳಿಯದೆ ಭಾವ ಕಕ್ಕಾಬಿಕ್ಕಿಯಾಗಿ ಕೂತಿದ್ದರು.

“ಕೊನೆಗೊಂದು ದಿನ ಅವರಿಗೆ ತಾನಾಗಿ ಹೊಳೀತು. ಅಲ್ವಾ ಅಮ್ಮಾ?”

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಕ್ಕ ಹೌದು ಅನ್ನುತ್ತಾಳೆಂದೇ ನಾನೂ ಅಂದುಕೊಂಡೆ. ಮೂರು ವರ್ಷ ತುಟಿಪಿಟಕ್ಕೆನ್ನದೆ ಇದ್ದವಳು ಅವಳು. ಆದರೆ ಅವಳ ಕಣ್ಣು ಮೇಜಿನ ಮೇಲೆ ಬಿದ್ದಿದ್ದ ಹೊಲಿಗೆ ಕೈಪಿಡಿಯ ಮೇಲಿತ್ತು.

“ಇಲ್ಲ,” ಎಂದಳು. “ಅವರಿಗೆ ಹೊಳೀಲಿಲ್ಲ. ನನಗೆ ಹೊಳೀತು. ನಾನು ಹೇಳಿದೆ.”

ನಮ್ಮ ವಕೀಲರ ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು. ಕಂಪನಿಯ ವಕೀಲರಿಗೆ ಮಾತ್ರ ಹಬ್ಬ. “ಸ್ವಾಮಿ, ಬರೆದುಕೊಳ್ಳಿ! ಸಂಶೋಧಕರ ಹೆಸರೇ ಸುಳ್ಳು!” ಎಂದು ಕುಣಿದರು. ಅವರ ಗೊಂಬೆಯೂ ಅಷ್ಟು ಚೆನ್ನಾಗಿ ಕುಣಿದಿರಲಿಲ್ಲ.

ಅಧಿಕಾರಿ ಮೊದಲ ಸಲ ಕರವಸ್ತ್ರ ಕೆಳಗಿಟ್ಟರು. “ಏನಾಯ್ತು ಅಂತ ನೀವೇ ಹೇಳಿ,” ಎಂದರು.

ಅಕ್ಕ ಹೇಳಿದಳು. ಪರದೆ, ಅಸ್ತರಿ, ಕಳೆದುಹೋದ ಪಿನ್ನು, ಸ್ಪೀಕರಿನ ಆಯಸ್ಕಾಂತ. ಅಂಗಡಿಯಲ್ಲಿ ಗಿರಾಕಿಗೆ ಅಳತೆ ವಿವರಿಸುವ ಹಾಗೆ, ಒಂದು ಮಾತು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಕೊನೆಗೆ ನಮ್ಮ ವಕೀಲರ ಕಡೆ ತಿರುಗಿ, “ತಲೆ ಬೇಕಿಲ್ಲದ ಕೆಲಸ ಅಂದ್ರಲ್ಲ ಸಾರ್, ನಿಮ್ಮ ಕೋಟಿನ ಎಡಗೈ ಅಸ್ತರಿ ತಿರುಚಿದೆ. ತಲೆ ಇಲ್ಲದೋರು ಯಾರೋ ಹೊಲಿದಿರಬೇಕು,” ಎಂದಳು. ವಕೀಲರು ತೋಳು ನೋಡಿಕೊಂಡರು. ಅಧಿಕಾರಿಯೂ ತಮ್ಮ ಕೋಟಿನ ತೋಳು ನೋಡಿಕೊಂಡದ್ದು ನನಗೆ ಕಾಣಿಸಿತು.

“ನಿಮ್ಮ ಹೆಂಡತಿ ಹೇಳಿದ್ದು ನಿಜವೇ?” ಅಧಿಕಾರಿ ಭಾವನನ್ನು ಕೇಳಿದರು.

ಭಾವ ಎದ್ದು ನಿಂತರು. ನಮ್ಮ ವಕೀಲರು ಬೇಡ ಬೇಡವೆಂದು ಕಣ್ಣಲ್ಲೇ ಬೇಡುತ್ತಿದ್ದರು. ಭಾವನನ್ನು ನಾನು ಜೀವಮಾನವಿಡೀ ಗೇಲಿ ಮಾಡಿದ್ದೇನೆ, ಮುಂದೆಯೂ ಮಾಡುತ್ತೇನೆ. ಆದರೆ ಆ ಅರ್ಧ ನಿಮಿಷ ಅವರ ಮುಖ ನೋಡಲು ನನ್ನ ಕೈಲಾಗಲಿಲ್ಲ. ಮೂರು ವರ್ಷದಿಂದ ತಾವು ನಂಬಿದ್ದನ್ನು ಅವರು ಒಳಗೇ ಹಿಂದಕ್ಕೆ ಎಳೆದು ನೋಡುತ್ತಿದ್ದರು. ಬಚ್ಚಲು, ಸೋಪಿನ ನೊರೆ, ಅದರ ಹಿಂದೆ ಟೀ ಲೋಟ, ಅದರ ಹಿಂದೆ ಪರದೆ.

“ಹೌದು ಸಾರ್,” ಎಂದರು. “ಅವಳೇ ಹೇಳಿದ್ಲು. ಗೋಡೇನ ಬಟ್ಟೆ ಅಂದ್ಕೊಳ್ಳಿ ಅಂದಿದ್ಲು. ಈಗ ನೆನಪಾಯ್ತು.” ಆಮೇಲೆ ಸೇರಿಸಿದರು: “ಆದರೆ ಮೂಲೆ ತಿರುಗಿಸೋದು ಮಾತ್ರ ನಂದು. ಮೂಲೇಲಿ ಎರಡನೇ ಆಯಸ್ಕಾಂತ ಇಟ್ಟು ಗುಂಡನ್ನ ಒಂದರಿಂದ ಇನ್ನೊಂದಕ್ಕೆ ದಾಟಿಸೋದು. ಪರದೇಗೆ ಮೂಲೆ ಇರಲ್ಲ.”

“ಅದು ಅವರದ್ದೇ,” ಎಂದಳು ಅಕ್ಕ ತಕ್ಷಣ. “ಅದರಲ್ಲಿ ನನ್ನದೇನೂ ಇಲ್ಲ.”

ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಭಾವ ಬೇರೆ ಸೀಟಿನಲ್ಲಿ ಕೂತರು. ಆರು ದಿನ ಮಾತಿಲ್ಲ. ಊಟಕ್ಕೆ ಕರೆದರೆ ಬರುವುದು, ತಿನ್ನುವುದು, ಏಳುವುದು. ಸಂಜೆ ಬಾಗಿಲ ಬಳಿಯ ಕುರ್ಚಿ ಖಾಲಿ. ಏಳನೆಯ ದಿನ ಬಂದು ಅದೇ ಕುರ್ಚಿಯಲ್ಲಿ ಕೂತರು. ಅಕ್ಕ ಟೀ ತಂದಿಟ್ಟಳು. ನಾನು ಕಾಜಾದ ಮೇಲೆ ಬಗ್ಗಿದೆ, ಆದರೆ ಕಿವಿ ಬಗ್ಗಲಿಲ್ಲ.

“ಅವತ್ತೇ ಯಾಕೆ ಹೇಳಲಿಲ್ಲ ನೀನು? ಅರ್ಜಿ ಹಾಕೋವಾಗಲೇ ಹೇಳಬಹುದಿತ್ತಲ್ಲ.”

ಅಕ್ಕ ಮೆಷೀನು ನಿಲ್ಲಿಸಿದಳು. “ನೀವು ಅಷ್ಟು ಖುಷಿಯಾಗಿದ್ರಿ,” ಎಂದಳು. “ನಾನು ಮದುವೆ ಆದಾಗಿಂದ ನಿಮ್ಮನ್ನ ಹಾಗೆ ನೋಡಿರಲಿಲ್ಲ. ಒಂದು ಕಾಗದಕ್ಕೋಸ್ಕರ ಅದನ್ನ ಹಾಳು ಮಾಡೋದು ಬೇಡ ಅನ್ನಿಸ್ತು.”

“ಮತ್ತೆ ಅವತ್ತು ಅಲ್ಲಿ ಯಾಕೆ ಹೇಳಿದೆ?”

“ಆ ಮನುಷ್ಯ ಹಾಗಂದಾಗ ನೀವು ತಲೆ ಆಡಿಸಿದ್ರಿ.”

ಭಾವ ಟೀ ಕುಡಿದರು. ಸಕ್ಕರೆಯ ಮಾತು ಎತ್ತಲಿಲ್ಲ.

ತೀರ್ಪು ಬರಲು ಎರಡು ತಿಂಗಳಾಯಿತು. ಹನ್ನೊಂದು ಪುಟ. ಅಧಿಕಾರಿ ಶೀತ ಬಿಟ್ಟ ಮೇಲೆ ಬರೆದಿರಬೇಕು, ತುಂಬ ಹುರುಪಾಗಿತ್ತು. ‘ಕಂಪನಿಯ ಎಂಜಿನಿಯರುಗಳ ಮನೆಗಳಲ್ಲಿ ಯಾರೂ ಪೈಜಾಮ ಧರಿಸುವುದಿಲ್ಲವೆಂದು ನಂಬಲು ಆಧಾರವಿಲ್ಲ. ಲಾಡಿ, ಪಿನ್ನು, ಆಯಸ್ಕಾಂತ, ಗೋಡೆ ಎಲ್ಲವೂ ನಲವತ್ತು ವರ್ಷ ಅವರ ಕಣ್ಣೆದುರಿಗೇ ಇದ್ದವು. ಒಬ್ಬರು ಕೂಡಿಸಿ ತೋರಿಸಿದ ಮೇಲೆ ಎದ್ದು ಕಾಣುವುದು ಬೇರೆ, ಅದಕ್ಕೂ ಮೊದಲು ಎದ್ದು ಕಾಣುವುದು ಬೇರೆ.’ ಪೇಟೆಂಟ್ ಉಳಿಯಿತು. ಸಂಶೋಧಕರ ಹೆಸರು ಬಿಟ್ಟುಹೋದದ್ದರಲ್ಲಿ ಮೋಸದ ಉದ್ದೇಶ ಕಾಣದ್ದರಿಂದ, ಅರ್ಜಿ ಕೊಟ್ಟು ತಿದ್ದಿಸಿಕೊಳ್ಳಬೇಕು. ಮೊದಲು ಹೆಂಡತಿಯ ಹೆಸರು, ಆಮೇಲೆ ಗಂಡನದು. ನಮ್ಮ ವಕೀಲರು ಇದು ತಮ್ಮ ವಾದಕ್ಕೆ ಸಿಕ್ಕ ಜಯವೆಂದು ಎಲ್ಲರಿಗೂ ಫೋನು ಮಾಡಿ ಹೇಳಿಕೊಂಡರು. ಕಂಪನಿಯವರು ಮುಂದಿನ ವಾರವೇ ಒಪ್ಪಂದಕ್ಕೆ ಬಂದರು. ಹೊಲಿಗೆ ಪುರಾತನವೂ ಶ್ರೇಷ್ಠವೂ ಆದ ಕಲೆಯೆಂಬ ಮಾತನ್ನು ಈ ಸಲ ಯಾರೂ ಆಡಲಿಲ್ಲ.

ಬೀದಿಯಲ್ಲಿ ಭಾವನ ಹೊಸ ವರಸೆ ಶುರುವಾಯಿತು. ಮೊದಲು ‘ನಾನು ಕಂಡುಹಿಡಿದೆ’ ಎಂದು ಜನರ ಪ್ರಾಣ ತಿನ್ನುತ್ತಿದ್ದವರು ಈಗ ‘ನನ್ನ ಹೆಂಡತಿ ಕಂಡುಹಿಡಿದಳು’ ಎಂದು ತಿನ್ನತೊಡಗಿದರು. ಕತೆಯ ಉದ್ದ ಅಷ್ಟೇ ಇತ್ತು. ಮೂಲೆ ತಿರುಗಿಸುವ ಭಾಗ ಬಂದಾಗ ಮಾತ್ರ ಸ್ವಲ್ಪ ನಿಧಾನವಾಗುತ್ತಿತ್ತು.

ಹೆಸರು ಸೇರಿಸುವ ಅರ್ಜಿ ಕೊಡಲು ನಾವು ಮೂವರೂ ಹೋದೆವು. ಈ ಸಲ ನೆಲಮಹಡಿಯ ಗುಮಾಸ್ತರ ಕಿಟಕಿ. ಗುಮಾಸ್ತರು ಅಕ್ಕನನ್ನು ಕೇಳದೆಯೇ ನಮೂನೆಯಲ್ಲಿ ಬರೆಯುತ್ತಾ ಹೋದರು. ಹೆಸರು, ವಿಳಾಸ, ಗಂಡನ ಹೆಸರು. ವೃತ್ತಿ ಎಂಬ ಕಡೆ ‘ಗೃಹಿಣಿ’ ಎಂದು ಗುಂಡಗೆ ಬರೆದರು.

“ಅದು ದರ್ಜಿ ಅಂತ ಆಗಬೇಕು,” ಎಂದಳು ಅಕ್ಕ.

“ಎಲ್ಲಾ ಒಂದೇ ಅಮ್ಮಾ. ಯಾರು ನೋಡ್ತಾರೆ?”

“ನಾನು ನೋಡ್ತೀನಿ.”

ಗುಮಾಸ್ತರು ಬೇಸರದಿಂದ ಪದವನ್ನು ಹೊಡೆದುಹಾಕಿ, ಮೇಲೆ ‘ದರ್ಜಿ’ ಎಂದು ಬರೆದರು. ಆಮೇಲೆ ಅದನ್ನೇ ದಿಟ್ಟಿಸಿ, ತಿದ್ದಿದ ನಮೂನೆ ಸ್ವೀಕರಿಸುವಂತಿಲ್ಲ, ಹೊಸದು ತರಬೇಕು ಎಂದರು. ಹೊಸ ನಮೂನೆ ಎಲ್ಲಿ ಸಿಗುತ್ತದೆ? ಐದನೆಯ ಮಹಡಿ. ಲಿಫ್ಟು? ಕೆಟ್ಟಿದೆ.

ನಾನು ಅಕ್ಕನ ಮುಖ ನೋಡುವಷ್ಟರಲ್ಲಿ ಭಾವ ಮೆಟ್ಟಿಲು ಹತ್ತಲು ಶುರುಮಾಡಿದ್ದರು. ಹತ್ತು ನಿಮಿಷದ ಮೇಲೆ ಏದುಸಿರು ಬಿಡುತ್ತಾ ಇಳಿದು ಬಂದರು. ಕೈಯಲ್ಲಿ ನಾಲ್ಕು ನಮೂನೆಗಳಿದ್ದವು.

“ನಾಲ್ಕು ಯಾಕ್ರೀ?” ಅಕ್ಕ ಕೇಳಿದಳು.

“ಇವರು ಬರೀತಾರಲ್ಲ, ಮತ್ತೆ ತಪ್ಪಿದ್ರೆ ಇರಲಿ ಅಂತ,” ಎಂದರು ಭಾವ, ಗುಮಾಸ್ತರಿಗೂ ಕೇಳುವ ಹಾಗೆ. ಒಂದನ್ನು ಅಕ್ಕನ ಮುಂದಿಟ್ಟು, ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. “ನೀನೇ ಬರಿ.”